ಬಂದ ಕ್ರಮದಲ್ಲಿ ನಿಂತುಕೊಳ್ಳಿ

ಆ ಶನಿವಾರ ಮಧ್ಯಾಹ್ನ ದೆಹಲಿ ಪಕ್ಕದ ಇಂದಿರಾಪುರಂನ ಫ್ಲಾಟಿನಲ್ಲಿ ನಾವೆಲ್ಲ ಸಾಲಾಗಿ ನಿಂತದ್ದು ನಿಜ. ಅಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ. ಬಾಲ್ಕನಿ ಬಾಗಿಲಿನ ಹತ್ತಿರ ಶುರುವಾದ ಸಾಲು ನಡುವಿನ ಹಾಲ್ ದಾಟಿ, ಊಟದ ಮೇಜನ್ನು ಬಳಸಿಕೊಂಡು, ಅಡುಗೆಮನೆಯೊಳಗೆ ಸಿಂಕಿನವರೆಗೆ ಹೋಗಿತ್ತು. ಎಲ್ಲರ ಕೈಯಲ್ಲೂ ಸಮೋಸ. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಸಾಲಿನ ಹೊರಗೆ, ಕೈಯಲ್ಲಿ ಸ್ಟೀಲ್ ಸೌಟು ಹಿಡಿದು ನಿಂತಿದ್ದವರು ಆಂಟಿ. ಅವರಿಗೆ ಆ ಸಾಲಿನಲ್ಲಿ ಜಾಗ ಇದೆಯೇ, ಇದ್ದರೆ ಎಲ್ಲಿ ಎನ್ನುವುದು ಅವತ್ತು ತೀರ್ಮಾನವಾಗಬೇಕಿತ್ತು. ಅದು ತೀರ್ಮಾನವಾದ ರೀತಿ ನೆನಪಾದರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ನಾಲ್ಕು ಹೆಜ್ಜೆ ಓಡಾಡಿ ಬಂದು ಬರೆಯುತ್ತಿದ್ದೇನೆ.

ಬರೆಯುವಾಗ ಕೈ ತಡೆಯುವುದೂ ಉಂಟು. ನಾನು ಓದಿದ್ದು ಇತಿಹಾಸ. ದೆಹಲಿಯ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಕಳೆದು, ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಬಂದವನು ನಾನು. ಅಲ್ಲಿ ಕಲಿತದ್ದರಲ್ಲಿ ಗಟ್ಟಿಯಾಗಿ ಉಳಿದಿರುವುದು ಒಂದೇ. ‘ನಾನೇ ಕಣ್ಣಾರೆ ಕಂಡೆ’ ಎಂದು ಹೇಳುವವನನ್ನು ಮೊದಲು ಅನುಮಾನಿಸಬೇಕು. ಬೇರೆಯವರ ಮೇಲೆ ಈ ಪಾಠವನ್ನು ಬಳಸುವಾಗ ಬಹಳ ಖುಷಿಯಾಗುತ್ತಿತ್ತು. ನನ್ನ ಮೇಲೆಯೇ ತಿರುಗಿದ ಮೇಲೆ ನೆಮ್ಮದಿ ಹೋಯಿತು. ಹಾಗಾಗಿ ಎಲ್ಲಿ ನನಗೆ ಖಾತ್ರಿ ಇಲ್ಲವೋ ಅಲ್ಲಿ ಹಾಗೆಂದೇ ಹೇಳಿಬಿಡುತ್ತೇನೆ.

ನಮ್ಮ ಕಂಪನಿಯ ಕೆಲಸ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ದೆಹಲಿಯ ದೊಡ್ಡ ಆಸ್ಪತ್ರೆಗಳಲ್ಲಿ ವಯಸ್ಸಾದವರು ಒಬ್ಬರೇ ಹೋದರೆ ದಿಕ್ಕು ತೋಚದೆ ನಿಂತುಬಿಡುತ್ತಾರೆ. ಚೀಟಿ ಮಾಡಿಸುವ ಕಿಟಕಿ ಒಂದು ಕಟ್ಟಡದಲ್ಲಿ, ರಕ್ತ ಕೊಡುವ ಕೋಣೆ ಇನ್ನೊಂದರಲ್ಲಿ, ಡಾಕ್ಟರು ಎಲ್ಲೋ ಮೇಲಿನ ಮಹಡಿಯಲ್ಲಿ. ಮಕ್ಕಳು ಆಫೀಸಿನಲ್ಲಿರುತ್ತಾರೆ. ಇಂಥವರ ಜೊತೆ ಮನೆಯಿಂದ ಹೊರಟು, ಎಲ್ಲ ಸಾಲುಗಳಲ್ಲೂ ಅವರ ಬದಲು ನಿಂತು, ಔಷಧ ಕೊಂಡು, ಮನೆಗೆ ಬಿಟ್ಟು ಬರುವ ಜೊತೆಗಾರರನ್ನು ನಾವು ಕಳಿಸುತ್ತೇವೆ. ಯೋಚನೆ ನನ್ನ ಹಾಸ್ಟೆಲ್ ಗೆಳೆಯನದು. ಜಲಂಧರದ ಕಡೆಯವನು, ಮಾತು ಜಾಸ್ತಿ, ನಿದ್ದೆ ಕಡಿಮೆ. ತನ್ನ ಮಾವನ ಖಾಲಿ ಫ್ಲಾಟನ್ನೇ ಆಫೀಸು ಮಾಡಿಕೊಂಡ. ಒಂದು ಆ್ಯಪ್ ಮಾಡಿಸಿದ. ಅದರಲ್ಲೊಂದು ದೊಡ್ಡ ಹಸಿರು ಬಟನ್. ಒತ್ತಿದರೆ ಜೊತೆಗಾರ ಮನೆ ಬಾಗಿಲಿಗೆ ಬರಬೇಕು.

ಒಬ್ಬ ಅಜ್ಜನೂ ಆ ಬಟನ್ ಒತ್ತಲಿಲ್ಲ. ಎಲ್ಲರೂ ಆಂಟಿಗೆ ಫೋನ್ ಮಾಡಿದರು.

ಆಂಟಿ ನನಗೆ ಬಾಲ್ಯದಿಂದ ಗೊತ್ತು. ನನ್ನ ತಂದೆ ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿದ್ದರು. ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲಿ ನಮ್ಮ ಹಿಂದಿನ ಸಾಲಿನ ಮನೆ ಆಂಟಿಯದು. ಮೈಸೂರಿನ ಕಡೆಯವರು. ಸಚಿವಾಲಯವೊಂದಕ್ಕೆ ಸಣ್ಣ ಹುದ್ದೆಯಲ್ಲಿ ಸೇರಿ, ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಕಾಲೋನಿಯ ಬೇವಿನ ಮರಗಳ ಕೆಳಗೆ ನಾವು ಕ್ರಿಕೆಟ್ ಆಡುವಾಗ ಅವರ ದನಿ ಮಹಡಿಯಿಂದ ಕೇಳಿಸುತ್ತಿತ್ತು: ‘ಔಟಾದ್ಮೇಲೆ ಬ್ಯಾಟ್ ಕೊಡಬೇಕು ಕಣೋ, ಅದು ನಿಮ್ಮಪ್ಪಂದಲ್ಲ!’ ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ಇಂದಿರಾಪುರಂನಲ್ಲಿ ಎಂದೋ ಕೊಂಡಿಟ್ಟಿದ್ದ ಫ್ಲಾಟಿಗೆ ಬಂದರು. ಗೆಳೆಯನ ಮಾವನ ಫ್ಲಾಟೂ ಅದೇ ಹೌಸಿಂಗ್ ಸೊಸೈಟಿಯಲ್ಲಿತ್ತು.

ಗೆಳೆಯನೂ ಆಂಟಿಯೂ ಭೇಟಿಯಾದದ್ದು ಲಿಫ್ಟಿನಲ್ಲಂತೆ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತಂತೆ. ಹೊರಗಿನಿಂದ ಗಾರ್ಡ್ ಬಾಗಿಲು ತೆಗೆಯುವಷ್ಟರಲ್ಲಿ ಗೆಳೆಯ ಕಂಪನಿಯ ಕಥೆ ಪೂರ್ತಿ ಹೇಳಿ ಮುಗಿಸಿದ್ದ, ಆಂಟಿ ತಮ್ಮ ಹಳೆಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿ ‘ನಿಮ್ಮ ಮೊಣಕಾಲಿಗೆ ಒಬ್ಬ ಹುಡುಗನನ್ನ ಕಳಿಸ್ತೀನಿ, ರೆಡಿ ಇರಿ’ ಎಂದಾಗಿತ್ತು. ಗೆಳೆಯ ಲಿಫ್ಟಿನಿಂದ ಹೊರಗೆ ಕಾಲಿಟ್ಟವನೇ ಅವರ ಕಾಲು ಮುಟ್ಟಿ, ‘ಆಂಟೀಜೀ, ಬರೀ ಎರಡು ದಿನ ಬಂದು ಕೂತ್ಕೊಳ್ಳಿ’ ಅಂದನಂತೆ. ಲಿಫ್ಟಿನಲ್ಲಿ ನಾನಿರಲಿಲ್ಲ. ಆದರೆ ಈ ಕಥೆಯಲ್ಲಿ ಇಬ್ಬರಿಗೂ ಒಮ್ಮತವಿದೆ, ಆದ್ದರಿಂದ ಬರೆದಿದ್ದೇನೆ.

ಆ ಎರಡು ದಿನ ಮುಗಿಯಲೇ ಇಲ್ಲ. ಆಂಟಿ ಊಟದ ಮೇಜಿನ ತುದಿಯ ಮರದ ಕುರ್ಚಿಯಲ್ಲಿ ಕೂತು ಫೋನ್ ಹಿಡಿದರು. ನಿವೃತ್ತರ ದೊಡ್ಡ ಬಳಗವೇ ಅವರ ಬೆನ್ನಿಗಿತ್ತು. ಕರೋಲ್ ಬಾಗಿನ ಕನ್ನಡದವರು, ಆರ್.ಕೆ. ಪುರಂನ ತಮಿಳರು, ಲಕ್ಷ್ಮಿನಗರದ ಪಂಜಾಬಿಗಳು ಎಲ್ಲರೂ ಆ ಬಳಗದಲ್ಲಿದ್ದರು. ‘ಸಕ್ಕರೆ ಎಷ್ಟಿದೆ? ಸುಳ್ಳು ಹೇಳಬೇಡಿ, ನಾನು ಡಾಕ್ಟರಲ್ಲ’ ಎಂದು ಹಿಂದಿಯಲ್ಲಿ ಗದರಿಸುತ್ತಿದ್ದರು. ಕನ್ನಡದವರು ಸಿಕ್ಕರೆ ಆಸ್ಪತ್ರೆಯ ಮಾತು ಮುಗಿಸಿ ಮಗಳ ಮದುವೆಯ ಮಾತು ಶುರು. ಇದಕ್ಕೆಲ್ಲ ಅವರಿಗೆ ತಿಂಗಳಿಗೆ ಸಿಗುತ್ತಿದ್ದುದು ಗೌರವಧನ ಎಂಬ ಹೆಸರಿನ ಸಣ್ಣ ಮೊತ್ತ, ಜೊತೆಗೆ ಫೋನಿನ ರೀಚಾರ್ಜ್. ನಮ್ಮೆಲ್ಲರಿಗೂ ಚಕ್ರವಿರುವ ಆಫೀಸ್ ಕುರ್ಚಿಗಳು ಬಂದಾಗಲೂ ಅವರ ಮರದ ಕುರ್ಚಿ ಹಾಗೆಯೇ ಉಳಿಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಅವರು ಆಂಟಿ, ಅಷ್ಟೆ.

ಆ ಶನಿವಾರ ನಾವು ಫ್ಲಾಟು ಖಾಲಿ ಮಾಡುವ ತಯಾರಿಯಲ್ಲಿದ್ದೆವು. ಹೂಡಿಕೆದಾರರೊಬ್ಬರು ಕೊನೆಗೂ ಸಹಿ ಹಾಕಿದ್ದರು. ಸೋಮವಾರದಿಂದ ಗುರುಗ್ರಾಮದಲ್ಲಿ ಗಾಜಿನ ಆಫೀಸು! ನೆಲದ ತುಂಬ ರಟ್ಟಿನ ಪೆಟ್ಟಿಗೆಗಳು, ಗೋಡೆಯಿಂದ ಕಿತ್ತ ಚಾರ್ಟುಗಳು, ಕಾಜು ಬರ್ಫಿ. ಯಾರೋ ಸ್ಪೀಕರ್ ಹಚ್ಚಿ ಭಾಂಗ್ಡಾ ಹಾಕಿದ್ದರು. ಕೆಳಗಿನ ಮನೆಯವರು ಇಂಟರ್‌ಕಾಮಿನಲ್ಲಿ ಬೈದರು. ಗೆಳೆಯ ಅವರಿಗೂ ಬರ್ಫಿ ಕಳಿಸಿದ. ಆಮೇಲೆ ಕುರ್ಚಿಯ ಮೇಲೆ ಹತ್ತಿ ನಿಂತು, ಕೈ ಎತ್ತಿ, ‘ಸುನೋ ಸುನೋ!’ ಎಂದು ಕೂಗಿದ.

ಕಂಪನಿಯ ಒಂದು ಪಾಲು ಷೇರುಗಳನ್ನು ಮೊದಲು ಬಂದವರಿಗೆಂದು ತೆಗೆದಿಡಲಾಗಿದೆ ಎಂದ. ಸಂಬಳವಲ್ಲ, ಬೋನಸ್ಸಲ್ಲ, ಕಂಪನಿಯಲ್ಲೇ ಪಾಲು. ನಾಳೆ ಕಂಪನಿ ಬೆಳೆದರೆ ಆ ಪಾಲೂ ಬೆಳೆಯುತ್ತದೆ. ‘ಮೊದಲ ನಾಲ್ಕು ಜನ ನಮ್ಮ ಸಂಸ್ಥಾಪಕ ತಂಡ’ ಎಂದು ಹೇಳಿ ನಮ್ಮತ್ತ ಕೈ ಮಾಡಿದ. ಪ್ರೋಗ್ರಾಂ ಬರೆಯುವ ಕಾನ್ಪುರದ ಹುಡುಗಿ. ಮೊದಲ ಜೊತೆಗಾರನಾಗಿ ಬಂದು ಈಗ ಜೊತೆಗಾರರನ್ನೆಲ್ಲ ನಡೆಸುವ ರೋಹ್ತಕ್‌ನವನು. ಲೆಕ್ಕಪತ್ರ ನೋಡುವ ಗಾಜಿಯಾಬಾದಿನ ಶರ್ಟ್-ಇನ್ ಮಾಡಿದ ಮನುಷ್ಯ. ಮತ್ತೆ ನಾನು. ಜೊತೆಗಾರರಿಗೆ ತರಬೇತಿ ಕೊಡುವುದು, ಮುದುಕರ ಹತ್ತಿರ ಏನು ಹೇಳಬೇಕು ಏನು ಹೇಳಬಾರದು ಎಂದು ಬರೆದುಕೊಡುವುದು ನನ್ನ ಕೆಲಸ.

ನಾನು ಸಂಶೋಧನೆ ಬಿಟ್ಟು ಬಂದಾಗಿನಿಂದ ಮನೆಯಲ್ಲಿ ‘ಇದೆಂಥ ಕೆಲಸವೋ’ ಎಂದು ಕೇಳಿಸಿಕೊಂಡಿದ್ದವನು. ಸಂಸ್ಥಾಪಕ ತಂಡ!

ಹಿಂದಿನಿಂದ ಒಂದು ದನಿ ಬಂತು. ‘ಅಕೌಂಟ್ಸ್ ಅಂಕಲ್‌ಗಿಂತ ಮುಂಚೆ ನಾನು ಬಂದಿದ್ದೆ!’ ಹೇಳಿದವಳು ಲಕ್ಷ್ಮಿನಗರದ ಹುಡುಗಿ, ಆಸ್ಪತ್ರೆಗಳಿಗೆ ಹೋಗುವ ಜೊತೆಗಾರ್ತಿ.

‘ಅರೇ, ನೀನು ಬಂದಾಗ ಚಹಾ ಕೊಟ್ಟವನು ನಾನು’ ಎಂದರು ಲೆಕ್ಕದವರು.

‘ಚಹಾ ಕೊಟ್ಟಿದ್ದು ನಾನು’ ಎಂದ ರೋಹ್ತಕ್‌ನವನು. ‘ನೀವು ಜನ್ಮದಲ್ಲಿ ಯಾರಿಗೂ ಚಹಾ ಕೊಟ್ಟಿಲ್ಲ.’

ನಗೆ, ಕೂಗಾಟ. ಎಲ್ಲರೂ ಒಟ್ಟಿಗೇ ತಮ್ಮ ಮೊದಲ ದಿನದ ಕಥೆ ಹೇಳತೊಡಗಿದರು. ಗೆಳೆಯ ಕುರ್ಚಿಯ ಮೇಲಿಂದ ಶಾಂತಿ ಶಾಂತಿ ಎನ್ನುತ್ತಿದ್ದ. ಆಗ ಅಡುಗೆಮನೆಯಿಂದ ಠಣ್ ಠಣ್ ಸದ್ದು. ಆಂಟಿ ಸೌಟಿನಿಂದ ಕುಕ್ಕರಿನ ಮುಚ್ಚಳ ಬಾರಿಸುತ್ತ ಹೊರಗೆ ಬಂದರು.

‘ಇದೇನು ಮೀನು ಮಾರ್ಕೆಟ್ಟಾ? ನಮ್ಮ ಮಿನಿಸ್ಟ್ರಿಯಲ್ಲಿ ಸೀನಿಯಾರಿಟಿ ಅಂದ್ರೆ ಒಂದು ಪದ್ಧತಿ ಇತ್ತು. ಮೊದಲು ತಾತ್ಕಾಲಿಕ, ಆಮೇಲೆ ಆಕ್ಷೇಪಣೆ, ಆಮೇಲೆ ಅಂತಿಮ. ಬೇಟಾ, ನೀನು ಕೆಳಗಿಳಿ. ಎಲ್ಲರೂ ಬಂದ ಕ್ರಮದಲ್ಲಿ ನಿಂತ್ಕೊಳ್ಳಿ. ಯಾರಿಗೆ ಆಕ್ಷೇಪಣೆ ಇದೆಯೋ ಅವರು ಮುಂದಿನವರ ಮುಖ ನೋಡಿ ಹೇಳಬೇಕು. ಬೆನ್ನ ಹಿಂದೆ ಹೇಳೋದು ನಡೆಯೋಲ್ಲ.’

ಯಾವ ಹೊಸ ಕಂಪನಿಯಲ್ಲಿ ಹೀಗೆ ನಡೆದಿದೆಯೋ ನನಗೆ ಗೊತ್ತಿಲ್ಲ. ನಮ್ಮಲ್ಲಿ ಹುದ್ದೆ ಗಿದ್ದೆ ಏನೂ ಇಲ್ಲ, ಎಲ್ಲರೂ ಸಮಾನರು ಎನ್ನುವುದು ಗೆಳೆಯ ಸಂದರ್ಶನಗಳಲ್ಲಿ ಹೇಳುತ್ತಿದ್ದ ಮಾತು. ಆದರೆ ಆ ಸೌಟಿನ ಮುಂದೆ ಎಲ್ಲರೂ ಕುಣಿದುಕೊಂಡೇ ಸಾಲಾದರು. ಎಷ್ಟು ಮಜವಾಗಿತ್ತು! ಒಬ್ಬ ಹಿಂದೆ ಸರಿದ, ಇನ್ನೊಬ್ಬಳು ಮುಂದೆ ನುಗ್ಗಿದಳು. ‘ಹೋಳಿ ಆದ್ಮೇಲೆ ಬಂದವನಲ್ವಾ ನೀನು? ನನ್ನ ಹಿಂದೆ!’ ‘ಹೋಳಿ ದಿನ ನನ್ನ ಲ್ಯಾಪ್‌ಟಾಪ್ ಮೇಲೆ ಬಣ್ಣ ಚೆಲ್ಲಿದವಳೇ ನೀನು, ಮರೆತೆಯಾ?’ ಲಕ್ಷ್ಮಿನಗರದ ಹುಡುಗಿ ಲೆಕ್ಕದವರ ಮುಖ ನೋಡಿ ಆಕ್ಷೇಪಣೆ ಹೇಳಿದಳು. ಅವರೂ ಅವಳ ಮುಖ ನೋಡಿ ಉತ್ತರ ಹೇಳಿದರು. ಕೊನೆಗೆ ತಾನು ಬಂದ ದಿನ ಅವರ ಸ್ಕೂಟರ್ ಕೆಳಗೆ ನಿಂತಿದ್ದು ಅವಳಿಗೇ ನೆನಪಾಗಿ, ‘ಠೀಕ್ ಹೈ’ ಎಂದು ನನ್ನ ಹಿಂದೆ ಬಂದು ನಿಂತಳು.

ಸಾಲು ಗಟ್ಟಿಯಾಯಿತು. ಕಾನ್ಪುರದ ಹುಡುಗಿ, ರೋಹ್ತಕ್‌ನವನು, ಲೆಕ್ಕದವರು, ನಾನು. ಗೆಳೆಯ ಒಂದು ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳಿಕೊಂಡು ಬಂದು ನನ್ನ ಬೆನ್ನ ಹಿಂದೆ ಇಟ್ಟ. ‘ಇಲ್ಲಿಂದ ಈಚೆ ಷೇರು. ಆಂಟೀಜೀ, ಅಂತಿಮ ಮಾಡಿ!’

ಮುಂದಿನ ಕ್ಷಣದ ಬಗ್ಗೆ ಮೂರು ಕಥೆಗಳಿವೆ. ನನ್ನ ನೆನಪಿನಲ್ಲಿ ನಾನೇ ತಿರುಗಿ ‘ಆಂಟಿ, ನಿಮ್ಮ ಜಾಗ ಎಲ್ಲಿ?’ ಎಂದು ಕೇಳಿದೆ. ಕನ್ನಡದಲ್ಲೇ ಕೇಳಿದೆ, ನನ್ನ ದನಿ ನನಗೆ ಈಗಲೂ ಕೇಳಿಸುತ್ತದೆ. ರೋಹ್ತಕ್‌ನವನು ಹಾಗಲ್ಲ ಎನ್ನುತ್ತಾನೆ. ಗುರುಗ್ರಾಮದ ಆಫೀಸಿನಲ್ಲಿ ಯಾರು ಎಲ್ಲಿ ಕೂರಬೇಕೆಂಬ ನಕ್ಷೆಯಲ್ಲಿ ಆಂಟಿಗೆ ಮೇಜೇ ಇಲ್ಲದ್ದನ್ನು ಅವನು ಬೆಳಿಗ್ಗೆಯೇ ನೋಡಿದ್ದನಂತೆ, ಅದನ್ನು ಕೇಳಲು ಕಾಯುತ್ತಿದ್ದನಂತೆ, ‘ಆಂಟೀಜೀ ಕಹಾಂ ಖಡೀ ಹೋಂಗೀ? ಅವರು ಎಲ್ಲಿ ನಿಲ್ಲಬೇಕು?’ ಎಂದು ಕೇಳಿದವನು ತಾನೇ ಅಂತೆ. ಆಂಟಿಯ ಪ್ರಕಾರ ನಾವಿಬ್ಬರೂ ಬಾಯಿಬಿಡಲಿಲ್ಲ. ಅವರೇ ಸೌಟನ್ನು ಮೇಜಿನ ಮೇಲಿಟ್ಟು, ‘ನನ್ನದೂ ಒಂದು ಆಕ್ಷೇಪಣೆ ಇದೆ’ ಎಂದರಂತೆ. ನನ್ನ ಕಥೆಯಲ್ಲಿ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಅಷ್ಟರಿಂದಲೇ ಅದನ್ನು ಅನುಮಾನಿಸಬೇಕು. ಆದರೆ ಪ್ರಶ್ನೆ ಬಂದದ್ದು ನಿಜ. ಭಾಂಗ್ಡಾ ಯಾರೋ ನಿಲ್ಲಿಸಿದ್ದೂ ನಿಜ.

ಗೆಳೆಯ ನಕ್ಕ. ‘ಅರೇ, ಆಂಟಿ ತೋ ಘರ್ ಕೀ ಹೈಂ! ಮನೆಯವರು! ಗುರುಗ್ರಾಮ ದೂರ ಆಗುತ್ತೆ ಅಂತ ಅವರಿಗೆ ಮನೆಯಿಂದಲೇ ಫೋನ್ ಮಾಡೋ ವ್ಯವಸ್ಥೆ ಮಾಡಿದ್ದೀನಿ.’

‘ಮೆಟ್ರೋ ಹತ್ತೋಕೆ ನನಗೆ ಬರುತ್ತೆ ಬೇಟಾ’ ಎಂದರು ಆಂಟಿ.

‘ಆಂಟೀಜೀ, ನಿಮಗೆ ಪೆನ್ಷನ್ ಇದೆಯಲ್ಲ. ಈ ಷೇರು ಗೀರು ತಲೆನೋವು ನಿಮಗ್ಯಾಕೆ ಅಂತ...’

‘ಪೆನ್ಷನ್ ಆ ಕೆಲಸಕ್ಕೆ. ಈ ಕೆಲಸಕ್ಕೆ ಏನು?’

ಗೆಳೆಯ ಕೆಟ್ಟವನಲ್ಲ. ಅವನ ಮುಖದಲ್ಲಿ ಇದ್ದದ್ದು ಶುದ್ಧ ಆಶ್ಚರ್ಯ, ಗೋಡೆಯಲ್ಲಿ ಇಷ್ಟು ದಿನ ಒಂದು ಬಾಗಿಲಿತ್ತು ಎಂದು ಈಗಷ್ಟೇ ಕಂಡವನ ಹಾಗೆ. ಆಂಟಿ ಅವನನ್ನು ಬಿಟ್ಟು ನಮ್ಮೆಲ್ಲರ ಕಡೆ ತಿರುಗಿದರು. ‘ಸರ್ವೀಸ್ ಪೂರ್ತಿ, ನೇಮಕದ ಆರ್ಡರ್ ಇಲ್ಲದೆ ಒಂದು ಕುರ್ಚಿಯಲ್ಲೂ ನಾನು ಕೂತವಳಲ್ಲ. ಬೇರೆಯವರು ಆರ್ಡರ್ ಇಲ್ಲದೆ ಕೂತರೆ ಎಬ್ಬಿಸಿದ್ದೀನಿ. ಇವನು ಕಾಲು ಮುಟ್ಟಿದ ಅಂತ ಇಲ್ಲಿ ಬಂದು ಕೂತೆ. ಆರ್ಡರ್ ಕೇಳಲೇ ಇಲ್ಲ! ಬುದ್ಧಿ ಎಲ್ಲಿ ಹೋಗಿತ್ತೋ.’ ಅಳುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು. ಅವರು ಅಳಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಾಲಿನ ಪಕ್ಕದಲ್ಲಿ ನಡೆದು ಬಂದು, ನೇರವಾಗಿ ನನ್ನ ಮುಂದೆ ನಿಂತರು. ‘ಇವನಿಗಿಂತ ಮುಂಚೆ ನಾನು.’

ಸಂಕಟ ಶುರುವಾದದ್ದು ಇಲ್ಲಿ. ಆಂಟಿ ನನ್ನ ಮುಂದೆ ನಿಂತರೆ ನಾನು ಐದನೆಯವನು. ಪೆಟ್ಟಿಗೆ ನನ್ನ ಮುಂದೆ ಬರುತ್ತದೆ.

ನನ್ನ ತಲೆಯಲ್ಲಿ ಆ ಫ್ಲಾಟಿನ ಮೊದಲ ದಿನದ ಚಿತ್ರ ಸ್ಪಷ್ಟವಾಗಿತ್ತು. ನಾನು ಒಳಗಿದ್ದೇನೆ. ಬೆಲ್ ಆಗುತ್ತದೆ. ಬಾಗಿಲು ತೆಗೆದರೆ ಹೊರಗೆ ಲೋಧಿ ಕಾಲೋನಿಯ ಆಂಟಿ! ‘ಅಯ್ಯೋ, ನೀನೇನೋ ಇಲ್ಲಿ!’ ಎಂದು ಅವರು ಬಾಯಿ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಅಂದರೆ ಮೊದಲು ಬಂದವನು ನಾನು.

ಅದನ್ನೇ ಹೇಳಿದೆ. ಆಂಟಿ ಗದರಿದರು, ಕನ್ನಡದಲ್ಲಿ. ‘ಏನು ತಲೆಕೆಳಗು ಹೇಳ್ತೀಯೋ? ಒಳಗಿದ್ದವಳು ನಾನು. ಹೊರಗೆ ನಿಂತಿದ್ದವನು ನೀನು, ಸ್ವೆಟರ್ ಹಾಕ್ಕೊಂಡು, ಕಳ್ಳನ ಹಾಗೆ. ಫೋನ್ ಹೆಗಲಿಗೆ ಸಿಕ್ಕಿಸ್ಕೊಂಡು ಬಾಗಿಲು ತೆಗೆದೆ ನಾನು.’

ಸ್ವೆಟರ್! ಹೌದು, ನನ್ನ ಚಿತ್ರದಲ್ಲೂ ನಾನು ಸ್ವೆಟರ್ ಹಾಕಿದ್ದೇನೆ. ಕತ್ತಿನ ಹತ್ತಿರ ಉಣ್ಣೆ ಚುಚ್ಚಿದ್ದೂ ನೆನಪಿದೆ. ಆದರೆ ಅದೇ ಚಿತ್ರದಲ್ಲಿ ನನ್ನ ಬೆನ್ನ ಹಿಂದೆ ಬೇಸಿಗೆಯ ಕೂಲರ್ ಗರಗರ ಓಡುತ್ತಿದೆ, ಅದರ ತಟ್ಟಿಗಳಿಂದ ಹುಲ್ಲಿನ ವಾಸನೆಯ ಒದ್ದೆ ಗಾಳಿ ಬೀಸುತ್ತಿದೆ. ಸ್ವೆಟರೂ ಕೂಲರೂ ಒಂದೇ ದಿನ ಇರಲು ಸಾಧ್ಯವೇ, ಅದೂ ದೆಹಲಿಯಲ್ಲಿ? ಎರಡು ಬೇರೆ ದಿನಗಳನ್ನು ನನ್ನ ತಲೆ ಯಾವಾಗಲೋ ಹೊಲಿದು ಒಂದು ಮಾಡಿದೆ. ಹಾಗಾದರೆ ಬಾಗಿಲಿನ ಯಾವ ಕಡೆ ನಾನಿದ್ದೆ? ಸಾಲಿನಲ್ಲಿ ನಿಂತು ಅಷ್ಟೂ ಜನರ ಮುಂದೆ ನನ್ನ ನೆನಪು ಬಿಚ್ಚಿಕೊಳ್ಳುತ್ತಿತ್ತು. ವಿಚಿತ್ರವೆಂದರೆ ನನಗೆ ಭಯಕ್ಕಿಂತ ಹುರುಪೇ ಹೆಚ್ಚಾಗಿತ್ತು. ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಕೂತರೂ ಇಷ್ಟು ಜೀವಂತವಾದ ಸಾಕ್ಷ್ಯ ನನ್ನ ಕೈಗೆ ಸಿಕ್ಕಿರಲಿಲ್ಲ!

‘ಸ್ವೆಟರ್ ಹಾಕಿದ್ದೆ, ಆದರೆ ಕೂಲರ್ ಓಡ್ತಿತ್ತು ಆಂಟಿ’ ಎಂದೆ.

‘ನಿಮ್ಮಮ್ಮ ನಿನಗೆ ಮೇ ತಿಂಗಳಲ್ಲೂ ಸ್ವೆಟರ್ ಹಾಕೋಳು. ಅದ್ಯಾವ ಸಾಕ್ಷಿಯೋ!’

ನಾನು ಹಿಂದಿಯಲ್ಲಿ ಎಲ್ಲರಿಗೂ ವಿವರಿಸಿದೆ. ಇಬ್ಬರೂ ಒಂದೇ ಬಾಗಿಲನ್ನು ನೆನಪಿಟ್ಟುಕೊಂಡಿದ್ದೇವೆ, ಇಬ್ಬರೂ ತಾವು ಒಳಗಿದ್ದೆವು ಎನ್ನುತ್ತೇವೆ, ಇಬ್ಬರಿಗೂ ಇದರಲ್ಲಿ ಲಾಭವಿದೆ, ಆದ್ದರಿಂದ ಇಬ್ಬರನ್ನೂ ನಂಬುವ ಹಾಗಿಲ್ಲ. ಬೇರೆ ಸಾಕ್ಷಿ ಬೇಕು. ‘ಪ್ರೊಫೆಸರ್ ಶುರು ಮಾಡಿದ’ ಎಂದ ಗೆಳೆಯ. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು.

ಆಗ ಸಾಲಿನ ತುದಿಯಿಂದ ಕಾನ್ಪುರದ ಹುಡುಗಿ ಮಾತಾಡಿದಳು. ಅವಳು ದಿನಕ್ಕೆ ಹತ್ತು ವಾಕ್ಯಕ್ಕಿಂತ ಹೆಚ್ಚು ಮಾತಾಡುವವಳಲ್ಲ. ‘ನಾನು ಇಂಟರ್‌ವ್ಯೂಗೆ ಬಂದ ದಿನ’ ಎಂದಳು, ‘ಅಳ್ಳಾಡೋ ಕುರ್ಚಿ ಮೇಲೆ ಕೂರಬೇಡ ಅಂತ ಹೇಳಿದ್ದು ಆಂಟಿ. ಅವರು ಆಗಲೇ ಫೋನ್‌ನಲ್ಲಿದ್ರು. ಯಾರಿಗೋ ಬೈತಿದ್ರು.’

‘ಯಾರಿಗೆ?’ ಎಂದು ಕೇಳಿದರು ಲೆಕ್ಕದವರು.

‘ಯಾವುದೋ ಮೊಣಕಾಲಿಗೆ.’

ಇಡೀ ಫ್ಲಾಟು ನಕ್ಕಿತು. ನಾನು ಮಾತ್ರ ನಗಲಿಲ್ಲ. ಯಾಕೆಂದರೆ ಆ ಹುಡುಗಿ ಸಾಲಿನಲ್ಲಿ ಮೊದಲನೆಯವಳು. ಅವಳು ಬಂದಾಗಲೇ ಆಂಟಿ ಇದ್ದರೆಂದರೆ ಮೊದಲ ಜಾಗ ಅವಳದಲ್ಲ, ಆಂಟಿಯದು. ತನಗೆ ನಷ್ಟವಾಗುವ ಸಾಕ್ಷ್ಯವನ್ನು ಅವಳು ತಾನಾಗಿಯೇ ಹೇಳಿದ್ದಳು. ಇಂಥ ಸಾಕ್ಷಿಯ ತೂಕವೇ ಬೇರೆ. ‘ಇದನ್ನು ನಂಬಬೇಕು!’ ಎಂದು ನಾನು ಕೂಗಿದೆ. ನನ್ನ ವಿರುದ್ಧದ ಸಾಕ್ಷ್ಯಕ್ಕೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ.

ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ರೋಹ್ತಕ್‌ನವನೂ ಸರಿದ. ಲೆಕ್ಕದವರೂ ಸರಿದರು. ಆಂಟಿ ನನ್ನ ಮುಂದಿನಿಂದ ಹೊರಟು, ಸಾಲಿನ ಉದ್ದಕ್ಕೂ ನಡೆದು, ಬಾಲ್ಕನಿಯ ಬಾಗಿಲಿಗೆ ಬೆನ್ನು ಕೊಟ್ಟು ಎಲ್ಲರಿಗಿಂತ ಮುಂದೆ ನಿಂತರು. ನಾನೂ ಹಿಂದೆ ಸರಿದೆ. ನನ್ನ ಹಿಮ್ಮಡಿ ರಟ್ಟಿನ ಪೆಟ್ಟಿಗೆಗೆ ತಾಗಿತು.

ಇನ್ನೊಂದು ಹೆಜ್ಜೆ ಇಟ್ಟರೆ ನಾನು ಆಚೆ ಬೀಳುತ್ತೇನೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

‘ನಾಲ್ಕು ಯಾಕೆ?’ ಎಂದು ಕೇಳಿದೆ.

‘ಏನು?’ ಎಂದ ಗೆಳೆಯ.

‘ನಾಲ್ಕು ಜನ ಅಂತ ಹೇಳಿದ್ದು ಯಾರು? ಹೂಡಿಕೆದಾರರಾ?’

ಅವನು ತಲೆ ಕೆರೆದುಕೊಂಡ. ಹೂಡಿಕೆದಾರರು ಒಟ್ಟು ಎಷ್ಟು ಪಾಲು ಎಂದಷ್ಟೇ ಹೇಳಿದ್ದು, ಎಷ್ಟು ಜನರಿಗೆ ಎನ್ನುವುದು ಅವನಿಗೆ ಬಿಟ್ಟದ್ದು. ‘ಮನಸ್ಸಿನಲ್ಲಿ ಎಣಿಸಿದೆ, ನಾಲ್ಕು ಬಂತು.’

‘ಆಂಟಿಯನ್ನ ಬಿಟ್ಟು ಎಣಿಸಿದೆ. ಅದಕ್ಕೇ ನಾಲ್ಕು ಬಂತು.’

ಪೆಟ್ಟಿಗೆಯನ್ನು ಎತ್ತಿ ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟವನು ನಾನೇ ಎಂದು ಎಲ್ಲರೂ ಹೇಳುತ್ತಾರೆ. ಅದು ನನಗೆ ನೆನಪಿಲ್ಲ. ಅದರಲ್ಲಿ ಗಾಜಿನ ಲೋಟಗಳಿದ್ದು ಗಲಗಲ ಎಂದದ್ದು ಮಾತ್ರ ನೆನಪಿದೆ.

‘ಚೀಟಿಂಗ್!’ ಎಂದು ಕೂಗಿದಳು ಲಕ್ಷ್ಮಿನಗರದ ಹುಡುಗಿ. ‘ಪೆಟ್ಟಿಗೆ ಸರಿಯೋದಾದ್ರೆ ಇನ್ನೂ ಸ್ವಲ್ಪ ಸರಿಯಲಿ, ನನ್ನ ಹಿಂದಕ್ಕೂ!’ ಅವಳ ಹಿಂದಿನವನು, ‘ನನ್ನ ಹಿಂದಕ್ಕೂ!’ ಅಡುಗೆಮನೆಯೊಳಗಿಂದ, ‘ಸಿಂಕಿನವರೆಗೂ!’

ಲೆಕ್ಕದವರು ಕೈ ಎತ್ತಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ರೊಟ್ಟಿ ಅಷ್ಟೇ ಇದೆ, ತಿನ್ನುವವರು ಹೆಚ್ಚಾದ ಹಾಗೆ ತುಂಡು ಸಣ್ಣದಾಗುತ್ತದೆ. ಅವರು ಹಳೆಯ ಕೆಲಸ ಬಿಟ್ಟು ಬಂದಾಗ ಮನೆಯವರ ಹತ್ತಿರ ಇದೇ ಪಾಲಿನ ಆಸೆ ಹೇಳಿದ್ದರಂತೆ. ‘ಕರುಣೆಯಿಂದ ಪೆಟ್ಟಿಗೆ ಸರಿಸಬೇಡಿ. ಒಂದು ನಿಯಮ ಹೇಳಿ. ನಿಯಮ ಇದ್ದರೆ ನಾನು ಒಪ್ಪುತ್ತೇನೆ.’

ಅಲ್ಲಿಂದ ಹೊತ್ತಿಕೊಂಡ ಚರ್ಚೆಯಂಥದ್ದನ್ನು ನಾನು ವಿಶ್ವವಿದ್ಯಾಲಯದ ಯಾವ ಸಭಾಂಗಣದಲ್ಲೂ ಕೇಳಿಲ್ಲ. ‘ಮೊದಲು ಬಂದವರು’ ಎಂದರೆ ಯಾರು? ಒಬ್ಬ ಹೇಳಿದ, ಆ್ಯಪ್ ಶುರುವಾಗುವ ಮುಂಚೆ ಬಂದವರು. ಆ್ಯಪನ್ನು ಯಾರೂ ಬಳಸಲೇ ಇಲ್ಲವಲ್ಲ ಎಂದರು ಇನ್ನೊಬ್ಬರು. ಕಾನ್ಪುರದ ಹುಡುಗಿ ಕಣ್ಣು ಕೆಂಪಗೆ ಮಾಡಿದಳು. ಮೊದಲ ಗಿರಾಕಿ ಬರುವ ಮುಂಚೆ ಎಂದರೆ ಆಂಟಿ ಒಬ್ಬರೇ ಉಳಿಯುತ್ತಾರೆ, ಲಿಫ್ಟಿನೊಳಗೆ. ಕೊನೆಗೆ ರೋಹ್ತಕ್‌ನವನು ತನ್ನ ದಪ್ಪ ದನಿಯಲ್ಲಿ ಹೇಳಿದ್ದು ಎಲ್ಲರಿಗೂ ಹಿಡಿಸಿತು. ‘ನೋಡು ಭಾಯಿ, ಸಂಬಳ ಬರುತ್ತೋ ಇಲ್ವೋ ಗೊತ್ತಿಲ್ಲದೆ ಮಾರನೇ ದಿನವೂ ಬಂದವನೇ ಮೊದಲು ಬಂದವನು. ಬರುತ್ತೆ ಅಂತ ಗೊತ್ತಾದ ಮೇಲೆ ಬಂದವನು ನೌಕರ. ತಪ್ಪೇನಿಲ್ಲ, ಆದರೆ ಬೇರೆ.’

ಕಂಪನಿಯ ಕೈಯಲ್ಲಿ ಹಣವಿಲ್ಲದೆ ಒಮ್ಮೆ ಸಂಬಳ ನಿಂತುಹೋಗಿದ್ದ ಕೆಟ್ಟ ಚಳಿಗಾಲ ಎಲ್ಲರಿಗೂ ನೆನಪಿತ್ತು. ಆ ನೆನಪಿನಲ್ಲಿ ಮಾತ್ರ ಯಾರಿಗೂ ಗೊಂದಲವಿರಲಿಲ್ಲ. ‘ಆಗ ಇದ್ದವರು ಕೈ ಎತ್ತಿ’ ಎಂದ ಗೆಳೆಯ. ನಾವು ನಾಲ್ವರು ಎತ್ತಿದೆವು. ಲಕ್ಷ್ಮಿನಗರದ ಹುಡುಗಿಯೂ ಎತ್ತಿದಳು. ಅವಳು ಸೇರಿದ್ದೇ ಆ ಚಳಿಗಾಲದಲ್ಲಿ, ಅದು ಯಾರಿಗೂ ಹೊಳೆದಿರಲಿಲ್ಲ. ಮಂಜಿನಲ್ಲಿ ಮೊದಲ ಮೆಟ್ರೋ ಹಿಡಿದು ಆಸ್ಪತ್ರೆಗಳಿಗೆ ಹೋಗುತ್ತಿದ್ದವಳು ಅವಳೇ. ಲೆಕ್ಕದವರೇ ಅವಳತ್ತ ನೋಡಿ, ‘ಹೌದು, ಇವಳಿದ್ದಳು’ ಎಂದರು.

ಆಂಟಿ ಎರಡು ಕೈಯನ್ನೂ ಎತ್ತಿದರು. ‘ನಿಮ್ಮ ಸಂಬಳ ಒಂದು ಚಳಿಗಾಲ ನಿಂತಿತು. ನನಗೆ ನಿಲ್ಲೋಕೆ ಸಂಬಳವೇ ಇರಲಿಲ್ಲ. ನಾನು ಎಲ್ಲಾ ಕಾಲದಲ್ಲೂ ಬಂದೆ.’

ಗೆಳೆಯ ಬಗ್ಗಿ ಪೆಟ್ಟಿಗೆಯನ್ನು ತಾನೇ ಎತ್ತಿ, ಲಕ್ಷ್ಮಿನಗರದ ಹುಡುಗಿಯ ಹಿಂದೆ ಇಟ್ಟ. ನೇರವಾಗಿ ನಿಂತು ಎಣಿಸಿದ, ಈ ಸಲ ಬೆರಳು ಮಾಡಿ, ಬಾಲ್ಕನಿಯ ಕಡೆಯಿಂದ ಶುರುಮಾಡಿ. ಆರು. ಉಳಿದವರಿಗೆ ಮುಂದಿನ ವರ್ಷಗಳಲ್ಲಿ ಪಾಲು ಹೇಗೆ ಎಂಬುದನ್ನು ಬರೆದೇ ಕೊಡುತ್ತೇನೆ ಎಂದ. ಸಿಂಕಿನ ಕಡೆಯಿಂದ ‘ಬರೆದು! ಬರೆದು!’ ಎಂಬ ಘೋಷಣೆ ಎದ್ದಿತು. ಲೆಕ್ಕದವರು ನಿಟ್ಟುಸಿರು ಬಿಟ್ಟು, ‘ನಿಯಮ ಅಂದ್ರೆ ನಿಯಮ’ ಎಂದು ಇನ್ನೊಂದು ಬರ್ಫಿ ತೆಗೆದುಕೊಂಡರು.

‘ಅಂತಿಮವಾ ಆಂಟೀಜೀ?’ ಎಂದ ಗೆಳೆಯ.

‘ಎಲ್ಲಿಂದ ಅಂತಿಮ? ನನ್ನ ಆರ್ಡರ್ ಎಲ್ಲಿ? ಹಿಂದಿನ ದಿನಾಂಕದಿಂದ ಅನ್ವಯ ಆಗೋ ಹಾಗೆ ನೇಮಕಾತಿ ಆದೇಶ ಬೇಕು. ನ್ಯಾಯವಾದ ಸಂಬಳ ಬೇಕು. ಗುರುಗ್ರಾಮದಲ್ಲಿ ಮೇಜು ಬೇಕು, ಕಿಟಕಿ ಹತ್ತಿರ.’

ಗೆಳೆಯ ಲ್ಯಾಪ್‌ಟಾಪ್ ತೆರೆದು ನಿಂತಲ್ಲೇ ಟೈಪ್ ಮಾಡತೊಡಗಿದ. ದಿನಾಂಕದ ಹತ್ತಿರ ಕೈ ನಿಂತಿತು. ‘ಯಾವ ದಿನದಿಂದ ಅಂತ ಹಾಕಲಿ?’

ಯಾರಿಗೂ ಗೊತ್ತಿರಲಿಲ್ಲ. ಲಿಫ್ಟು ಕೆಟ್ಟ ದಿನ ಎಂದರು ಆಂಟಿ. ಆ ಸೊಸೈಟಿಯಲ್ಲಿ ಲಿಫ್ಟು ಕೆಡದ ದಿನ ಯಾವುದು? ಕೊನೆಗೆ ಆಂಟಿ ಗಂಭೀರವಾಗಿ ಹೇಳಿದರು. ‘ನಾನು ರಿಟೈರ್ ಆದ ಮಾರನೇ ದಿನ ಹಾಕು. ಅಲ್ಲೀವರೆಗೆ ನಾನು ಸರ್ಕಾರದವಳು, ಆಮೇಲಿಂದ ಇಲ್ಲಿಯವಳು.’

ನಾನು ಬಾಯಿ ತೆರೆದೆ. ಆಂಟಿ ರಿಟೈರ್ ಆದ ಮೇಲೆ ಬೇಸಿಗೆ ಪೂರ್ತಿ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದದ್ದು ನನಗೆ ಗೊತ್ತು. ನಮ್ಮಮ್ಮ ಅವರಿಂದ ಅಲ್ಲಿನ ಹುರಿಗಡಲೆ ತರಿಸಿಕೊಂಡದ್ದೂ ಗೊತ್ತು. ಆಂಟಿ ನನ್ನನ್ನು ನೋಡಿದರು. ‘ನೀನು ಸುಮ್ನಿರೋ, ಕೂಲರ್ ಓಡ್ತಿತ್ತು ಅಂದವನು.’ ನಾನು ಬಾಯಿ ಮುಚ್ಚಿದೆ. ನನ್ನ ಸಾಕ್ಷ್ಯಕ್ಕೆ ಆ ದಿನ ಮಾರುಕಟ್ಟೆಯಲ್ಲಿ ಬೆಲೆ ಇರಲಿಲ್ಲ.

‘ಆಂಟೀಜೀ, ಆ ದಿನ ಕಂಪನಿಯೇ ಇರಲಿಲ್ಲ’ ಎಂದ ಗೆಳೆಯ ದೀನನಾಗಿ. ‘ನನ್ನ ತಲೆಯಲ್ಲೂ ಇರಲಿಲ್ಲ.’

‘ಹೌದಾ?’ ಆಂಟಿಯ ಮುಖ ಅರಳಿತು. ‘ಹಾಗಾದ್ರೆ ನಾನು ನಿನಗಿಂತಲೂ ಸೀನಿಯರ್! ಬಾ ಬೇಟಾ, ನನ್ನ ಹಿಂದೆ ನಿಂತ್ಕೋ.’

ಅವನು ನಿಂತ. ನಿಜವಾಗಿಯೂ ಲ್ಯಾಪ್‌ಟಾಪನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಕಂಪನಿಯ ಮಾಲೀಕ, ಆಂಟಿಯ ಹಿಂದೆ ಬಂದು ನಿಂತ. ಇಡೀ ಸಾಲು ಮತ್ತೆ ಒಂದೊಂದು ಹೆಜ್ಜೆ ಹಿಂದೆ ಸರಿಯಿತು. ಸಿಂಕಿನ ಹತ್ತಿರ ಏನೋ ಬಿದ್ದು ಒಡೆದ ಸದ್ದು, ಕೂಗು, ನಗೆ. ಕೆಳಗಿನ ಮನೆಯವರು ಮತ್ತೆ ಇಂಟರ್‌ಕಾಮ್ ಮಾಡಿದರು. ಲೆಕ್ಕದವರು ಮಧ್ಯೆ ಬಂದು, ಕಂಪನಿ ನೋಂದಣಿಯಾದ ದಿನಕ್ಕಿಂತ ಹಿಂದೆ ಕಾನೂನಿನಲ್ಲಿ ಹೋಗಲಾಗದು ಎಂದು ತಿಳಿಹೇಳಿದರು. ಆಂಟಿ ಯೋಚಿಸಿ, ‘ಸರಿ, ಕಂಪನಿ ಹುಟ್ಟಿದ ದಿನವೇ ನಾನೂ’ ಎಂದು ಒಪ್ಪಿದರು. ಅದನ್ನೇ ಹಾಕಿದರು. ಪ್ರಿಂಟರ್ ಪೆಟ್ಟಿಗೆಯೊಳಗೆ ಹೋಗಿತ್ತು. ಅದನ್ನು ಮತ್ತೆ ಹೊರಗೆ ತೆಗೆಸಿದರು. ಆಂಟಿ ಆದೇಶವನ್ನು ನಿಂತಲ್ಲೇ ಓದಿ, ಎರಡು ಕಡೆ ಅಲ್ಪವಿರಾಮ ಹಾಕಿಸಿ, ಮೂರು ಪ್ರತಿ ಕೇಳಿದರು.

ಈಗ ಗುರುಗ್ರಾಮದಲ್ಲಿ ಆಂಟಿಯ ಮೇಜು ಕಿಟಕಿಯ ಹತ್ತಿರವಿದೆ. ಕೆಳಗೆ ಮೆಟ್ರೋ ಹೋಗುವುದು ಕಾಣಿಸುತ್ತದೆ. ಚಕ್ರದ ಕುರ್ಚಿ ಅವರಿಗೆ ಹಿಡಿಸಲಿಲ್ಲ. ಹಳೆಯ ಮರದ ಕುರ್ಚಿಯನ್ನೇ ಟೆಂಪೋದಲ್ಲಿ ತರಿಸಿಕೊಂಡರು. ಹೊಸಬರು ಸೇರಿದ ಮೊದಲ ದಿನ ಅವರನ್ನು ಮೇಜಿನ ಮುಂದೆ ನಿಲ್ಲಿಸಿಕೊಂಡು, ‘ಆರ್ಡರ್ ಕೈಗೆ ಬಂತಾ? ಬರದೆ ಕೂರಬೇಡ’ ಎನ್ನುತ್ತಾರೆ. ಆಮೇಲೆ ನನ್ನತ್ತ ಬೆರಳು ಮಾಡಿ, ನಾನು ಬಾಗಿಲ ಹೊರಗೆ ಸ್ವೆಟರ್ ಹಾಕಿಕೊಂಡು ನಿಂತಿದ್ದ ಕಥೆ ಹೇಳುತ್ತಾರೆ. ಪ್ರತಿಸಲ ನಾನು ಎದ್ದು ಹೋಗಿ ಕೂಲರಿನ ವಿಷಯ ಎತ್ತುತ್ತೇನೆ. ಅವರು ಹೇಳುವುದೇ ನಿಜವಿರಬೇಕು, ಕಾನ್ಪುರದ ಹುಡುಗಿಯ ಸಾಕ್ಷ್ಯ ಇದೆಯಲ್ಲ. ಆದರೂ ಆ ಒದ್ದೆ ಹುಲ್ಲಿನ ಗಾಳಿ ನನ್ನ ಬೆನ್ನಿಗೆ ತಾಗಿದ್ದು ಎಲ್ಲಿಂದ?

‘ಆಕ್ಷೇಪಣೆಯ ಅವಧಿ ಮುಗೀತು ಕಣೋ’ ಎನ್ನುತ್ತಾರೆ ಆಂಟಿ, ಮತ್ತೆ ಫೋನ್ ಹೆಗಲಿಗೆ ಸಿಕ್ಕಿಸಿಕೊಳ್ಳುತ್ತಾರೆ.